ಪಕ್ಕದ ಖಾಲಿ ನಿವೇಶನ ಕಸದ ಗುಂಡಿಯಾದಾಗ: ದೂರು, ಹಿಂಬರಹ, ಆದೇಶಗಳ ಸಮಗ್ರ ಮಾರ್ಗದರ್ಶಿ

ಕರ್ನಾಟಕದ ಯಾವ ನಗರದ ಯಾವ ಬಡಾವಣೆಯಲ್ಲಿ ನಡೆದರೂ ನಾಲ್ಕಾರು ಮನೆಗಳ ನಡುವೆ ಒಂದು ಖಾಲಿ ನಿವೇಶನ ಕಾಣಸಿಗುತ್ತದೆ. ಹೂಡಿಕೆಗೆಂದು ಅದನ್ನು ಕೊಂಡವರು ಬೇರೆ ಊರಿನಲ್ಲೋ ಬೇರೆ ದೇಶದಲ್ಲೋ ಇರುತ್ತಾರೆ. ಮೊದಲ ಮಳೆಗೆ ಕಾಂಗ್ರೆಸ್ ಗಿಡ ಏಳುತ್ತದೆ. ಹಳೆಯ ಮನೆ ಕೆಡವಿದ ಯಾರೋ ರಾತ್ರಿ ಟ್ರ್ಯಾಕ್ಟರಿನಲ್ಲಿ ಇಟ್ಟಿಗೆ ಚೂರು ಸುರಿದು ಹೋಗುತ್ತಾರೆ. ಅದನ್ನು ಕಂಡವರು ಅಡುಗೆಮನೆಯ ಕಸದ ಚೀಲಗಳನ್ನೂ ಅಲ್ಲಿಗೇ ಎಸೆಯತೊಡಗುತ್ತಾರೆ. ಆಷಾಢದ ಹೊತ್ತಿಗೆ ತಗ್ಗಿನಲ್ಲಿ ನೀರು ನಿಂತು, ಅಕ್ಕಪಕ್ಕದ ಮನೆಗಳವರು ಸಂಜೆ ಆರಕ್ಕೇ ಕಿಟಕಿ ಮುಚ್ಚಬೇಕಾಗುತ್ತದೆ.

ಇದನ್ನು ತಡೆಯಲು ಕಾನೂನಿನ ಕೊರತೆಯಿಲ್ಲ. ಹಲವು ಕಾನೂನುಗಳಿವೆ, ಒಂದೊಂದೂ ಒಂದೊಂದು ಕಚೇರಿಯ ಕೈಯಲ್ಲಿದೆ, ಒಂದು ಕಚೇರಿಗೆ ಕೊಡಬೇಕಾದ ದೂರನ್ನು ಇನ್ನೊಂದಕ್ಕೆ ಕೊಟ್ಟರೆ ಅದು ಅಲ್ಲೇ ಕೂರುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ನಮ್ಮಲ್ಲಿ ಹೆಚ್ಚಿನ ದೂರುಗಳು ಬಾಯಿಮಾತಿನವು. ವಾರ್ಡಿಗೆ ಬಂದ ಆರೋಗ್ಯ ನಿರೀಕ್ಷಕರನ್ನು ತಡೆದು ಹೇಳುವುದರಿಂದ, ವಾಟ್ಸಾಪ್ ಗುಂಪಿನಲ್ಲಿ ಫೋಟೊ ಹಾಕುವುದರಿಂದ ಕಚೇರಿಯಲ್ಲಿ ಕಡತ ಹುಟ್ಟುವುದಿಲ್ಲ. ಕಡತವಿಲ್ಲದ ದೂರಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಹಾಗಾಗಿ ಈ ಮಾರ್ಗದರ್ಶಿಯ ಬಹುಪಾಲು ಆ ಕಡತವನ್ನು ಹುಟ್ಟಿಸಿ, ಅದನ್ನು ಮುಂದಕ್ಕೆ ತಳ್ಳುವ ಬಗೆಗೇ ಮೀಸಲಾಗಿದೆ.

ಮೊದಲ ಹೆಜ್ಜೆ: ತೊಂದರೆ ಸಾರ್ವಜನಿಕವೋ ಖಾಸಗಿಯೋ ನಿರ್ಧರಿಸಿ

ಭಾರತೀಯ ನ್ಯಾಯ ಸಂಹಿತೆಯ 270ನೇ ಕಲಮಿನ ಪ್ರಕಾರ, ಸಾರ್ವಜನಿಕರಿಗೆ ಅಥವಾ ಸುತ್ತಮುತ್ತ ವಾಸಿಸುವ ಜನರಿಗೆ ಸಾಮಾನ್ಯವಾಗಿ ಹಾನಿ, ಅಪಾಯ ಇಲ್ಲವೇ ಕಿರುಕುಳ ಉಂಟುಮಾಡುವ ಕೃತ್ಯವೂ, ಕಾನೂನಿನಂತೆ ಮಾಡಬೇಕಾದದ್ದನ್ನು ಮಾಡದೆ ಬಿಡುವುದೂ ಸಾರ್ವಜನಿಕ ಉಪದ್ರವವೇ. ಅದರಿಂದ ಯಾರಿಗೋ ಒಂದಿಷ್ಟು ಅನುಕೂಲವಾಗುತ್ತದೆ ಎಂಬ ಸಮಜಾಯಿಷಿ ನಡೆಯುವುದಿಲ್ಲ ಎಂದು ಅದೇ ಕಲಮು ಹೇಳುತ್ತದೆ. ನಿವೇಶನದ ನೀರಿನಲ್ಲಿ ಹುಟ್ಟಿದ ಸೊಳ್ಳೆ ಇಡೀ ಬೀದಿಯನ್ನು ಕಚ್ಚಿದರೆ ಅದು ಸಾರ್ವಜನಿಕ ಉಪದ್ರವ. ಪಕ್ಕದ ಮನೆಯ ಸಂಪಿನಿಂದ ನೀರು ಜಿನುಗಿ ನಿಮ್ಮೊಬ್ಬರ ಗೋಡೆ ಮಾತ್ರ ಒದ್ದೆಯಾಗುತ್ತಿದ್ದರೆ ಅದು ಇಬ್ಬರ ನಡುವಿನ ಸಿವಿಲ್ ವ್ಯಾಜ್ಯ. ಅದಕ್ಕೆ ಪಾಲಿಕೆಯ ಬಾಗಿಲು ತಟ್ಟಿದರೆ ‘ಸಿವಿಲ್ ಸ್ವರೂಪದ್ದು’ ಎಂಬ ಒಂದು ಸಾಲಿನ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೈಗೆ ಬರುತ್ತದೆ. ಈ ಎರಡನ್ನೂ ಒಂದೇ ದೂರಿನಲ್ಲಿ ಬೆರೆಸಬಾರದು. ಗಡಿ ಒತ್ತುವರಿ, ಹಳೆಯ ಜಗಳ, ಕಾರು ನಿಲ್ಲಿಸುವ ತಕರಾರು ಇವುಗಳಲ್ಲಿ ಯಾವುದಾದರೊಂದು ಅರ್ಜಿಯೊಳಗೆ ನುಸುಳಿದರೂ ಅಧಿಕಾರಿಗೆ ಅದು ನೆರೆಹೊರೆಯ ಮನಸ್ತಾಪವಾಗಿಯೇ ಕಾಣುತ್ತದೆ.

ಎರಡನೆಯ ಹೆಜ್ಜೆ: ಜಾಗ ಯಾರದು, ಯಾರ ವ್ಯಾಪ್ತಿಯದು

ಮಾಲೀಕರ ಹೆಸರು ಗೊತ್ತಿಲ್ಲದಿದ್ದರೂ ದೂರು ಕೊಡಬಹುದು, ಜಾಗದ ಗುರುತು ಮಾತ್ರ ಖಚಿತವಾಗಿರಬೇಕು. ನಿವೇಶನ ಸಂಖ್ಯೆ, ಬಡಾವಣೆ, ಅಡ್ಡರಸ್ತೆ, ವಾರ್ಡ್, ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಇಷ್ಟನ್ನು ಬರೆದುಕೊಳ್ಳಿ. ನಿಮ್ಮ ಸ್ವಂತ ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಪಕ್ಕದ ನಿವೇಶನದ ಸಂಖ್ಯೆ ನಮೂದಾಗಿರುತ್ತದೆ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಆ ಸಂಖ್ಯೆಯನ್ನು ಇಟ್ಟುಕೊಂಡು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದ ಮೂಲಕ ಋಣಭಾರ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಕೊಂಡವರ, ಮಾರಿದವರ ವಿವರ ಸಿಗುತ್ತದೆ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತುವಿನ ನಮೂನೆ 9 ಮತ್ತು 11ರ ದಾಖಲೆ, ಇನ್ನೂ ಕೃಷಿ ಜಮೀನಾಗಿಯೇ ಉಳಿದಿದ್ದರೆ ಪಹಣಿ ನೋಡಬೇಕು.

ಖಾಲಿ ಬಿದ್ದದ್ದೆಲ್ಲ ಖಾಸಗಿಯಲ್ಲ ಎಂಬುದನ್ನೂ ಗಮನದಲ್ಲಿಡಬೇಕು. ಹಂಚಿಕೆಯಾಗದೆ ಉಳಿದ ನಿವೇಶನ, ಶಾಲೆ ಅಥವಾ ಆಸ್ಪತ್ರೆಗೆಂದು ಮೀಸಲಿಟ್ಟ ಸಿ.ಎ. (ನಾಗರಿಕ ಸೌಲಭ್ಯ) ನಿವೇಶನ ಇವು ನಗರಾಭಿವೃದ್ಧಿ ಪ್ರಾಧಿಕಾರದ ಸ್ವತ್ತಾಗಿರಬಹುದು. ಬಡಾವಣೆ ಇನ್ನೂ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗದಿದ್ದರೆ ಪ್ರಾಧಿಕಾರ ‘ಪಾಲಿಕೆಯನ್ನು ಕೇಳಿ’ ಎನ್ನುತ್ತದೆ, ಪಾಲಿಕೆ ‘ಪ್ರಾಧಿಕಾರವನ್ನು ಕೇಳಿ’ ಎನ್ನುತ್ತದೆ. ಇಂಥಲ್ಲಿ ಒಂದೇ ಪತ್ರವನ್ನು ಇಬ್ಬರಿಗೂ ಸಂಬೋಧಿಸಿ, ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಾಗುವಂತೆ ಬರೆಯುವುದೇ ಸರಿಯಾದ ಮಾರ್ಗ.

ಯಾರಿಗೆ ಬರೆಯಬೇಕೆಂಬುದು ಊರಿನ ಸ್ವರೂಪವನ್ನು ಅವಲಂಬಿಸಿದೆ. ಮಹಾನಗರ ಪಾಲಿಕೆಗೆ ಆಯುಕ್ತರು, ನಗರಸಭೆಗೆ ಪೌರಾಯುಕ್ತರು, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಗೆ ಮುಖ್ಯಾಧಿಕಾರಿ, ಗ್ರಾಮ ಪಂಚಾಯಿತಿಗೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಅಂದರೆ ಪಿಡಿಒ. ಬೆಂಗಳೂರಿನಲ್ಲಿ 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಪೂರ್ವ, ಪಶ್ಚಿಮ, ಉತ್ತರ, ದಕ್ಷಿಣ ಎಂಬ ಐದು ಪಾಲಿಕೆಗಳು ಬಂದಿರುವುದರಿಂದ, ಹಳೆಯ ವಿಳಾಸಕ್ಕೆ ಬರೆಯುವ ಮೊದಲು ನಿಮ್ಮ ಬೀದಿ ಯಾವ ಪಾಲಿಕೆಗೆ ಸೇರಿದೆ ಎಂದು ನೋಡಿಕೊಳ್ಳಬೇಕು.

ಮೂರನೆಯ ಹೆಜ್ಜೆ: ಸರಿಯಾದ ಕಾನೂನನ್ನು ಆರಿಸಿಕೊಳ್ಳಿ

ಕರ್ನಾಟಕ ಪೌರ ನಿಗಮಗಳ ಕಾಯ್ದೆ 1976 ಮತ್ತು ಕರ್ನಾಟಕ ಪೌರಸಭೆಗಳ ಕಾಯ್ದೆ 1964 ಸ್ಥಳೀಯ ಸಂಸ್ಥೆಗೆ ಬುನಾದಿಯ ಅಧಿಕಾರ ಕೊಡುತ್ತವೆ. ಆರೋಗ್ಯಕ್ಕೆ ಕೆಡುಕಾಗುವಂತೆ ಬಿದ್ದಿರುವ ಜಾಗವನ್ನು ಶುಚಿಗೊಳಿಸುವಂತೆ ಮಾಲೀಕರಿಗೆ ನೋಟಿಸ್ ಕೊಡಬಹುದು. ಅವರು ಮಾಡದಿದ್ದರೆ ಸಂಸ್ಥೆಯೇ ಕೆಲಸ ಮಾಡಿಸಿ ಖರ್ಚನ್ನು ಅವರಿಂದ ವಸೂಲು ಮಾಡಬಹುದು. ನೀವು ಕೇಳಬೇಕಾದ ಪರಿಹಾರವೂ ಇದೇ ಎರಡು ಮಾತು: ನೋಟಿಸ್, ಅದಕ್ಕೆ ಮಣಿಯದಿದ್ದರೆ ವೆಚ್ಚ ವಸೂಲಾತಿಯೊಂದಿಗೆ ತೆರವು.

ನೀರು ನಿಂತು ಸೊಳ್ಳೆ ಮರಿಯಾಗುತ್ತಿದ್ದರೆ ಇನ್ನೂ ಹರಿತವಾದ ಅಸ್ತ್ರವಿದೆ. ರಾಜ್ಯ ಸರ್ಕಾರ 2024ರಲ್ಲಿ ಕರ್ನಾಟಕ ಸಾಂಕ್ರಾಮಿಕ ರೋಗಗಳ ಕಾಯ್ದೆ 2020ರ ಅಡಿಯ ನಿಯಮಾವಳಿಯನ್ನು ತಿದ್ದಿ, ಡೆಂಗಿಯನ್ನು ಅದರ ವ್ಯಾಪ್ತಿಗೆ ತಂದಿತು. ಸೊಳ್ಳೆ ಉತ್ಪತ್ತಿಗೆ ಅವಕಾಶ ಕೊಟ್ಟ ಖಾಲಿ ಜಾಗ ಅಥವಾ ಕಟ್ಟಡ ಕಾಮಗಾರಿ ಸ್ಥಳದ ಹೊಣೆಗಾರರಿಗೆ ನಗರದಲ್ಲಿ 2,000 ರೂಪಾಯಿ, ಹಳ್ಳಿಯಲ್ಲಿ 1,000 ರೂಪಾಯಿ ದಂಡವನ್ನು ಅದು ನಿಗದಿಪಡಿಸಿದೆ. ಮನೆಗಳಿಗೆ ಇದು ಕ್ರಮವಾಗಿ 400 ಮತ್ತು 200 ರೂಪಾಯಿ. ಕೋಟಿ ಬೆಲೆಯ ನಿವೇಶನದ ಒಡೆಯರಿಗೆ ಎರಡು ಸಾವಿರ ಏನೂ ಅಲ್ಲ, ನಿಜ. ಆದರೆ ಈ ನಿಯಮದ ಹೆಸರೆತ್ತಿದ ಕೂಡಲೇ ದೂರು ಇಂಜಿನಿಯರರ ಮೇಜಿನಿಂದ ಆರೋಗ್ಯಾಧಿಕಾರಿಯ ಮೇಜಿಗೆ ಹೋಗುತ್ತದೆ, ಅಲ್ಲಿ ಅದರ ನಡಿಗೆ ಬೇರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಬಲಿಯುವವರೆಗೆ ಬೆಳೆಯಲು ವಾರದಿಂದ ಹತ್ತು ದಿನ ಸಾಕು. ಆದಕಾರಣ ನೀರು ನಿಂತಿದೆ ಎಂಬ ದೂರಿಗೆ ಹದಿನೈದು ದಿನದ ಗಡುವಿನ ನೋಟಿಸ್ ಕೊಡುವುದರಲ್ಲಿ ಅರ್ಥವಿಲ್ಲ ಎಂಬುದನ್ನು ಅರ್ಜಿಯಲ್ಲೇ ವಿನಯದಿಂದ ಬರೆಯಬಹುದು.

ಕಸ ಎಸೆದವರು ಮಾಲೀಕರಲ್ಲ, ಬೀದಿಯವರೇ ಆಗಿದ್ದರೆ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಅನ್ವಯಿಸುತ್ತವೆ. ಬೀದಿಯಲ್ಲಿ, ಚರಂಡಿಯಲ್ಲಿ, ಬಯಲಿನಲ್ಲಿ ಕಸ ಎಸೆಯುವುದೂ ಸುಡುವುದೂ ನಿಷಿದ್ಧ. ಬೆಂಗಳೂರಿನಲ್ಲಿ 2025ರ ಅಕ್ಟೋಬರ್ ಕೊನೆಯಲ್ಲಿ, ಕಸ ಎಸೆದು ಸಿಕ್ಕಿಬಿದ್ದವರ ಮನೆ ಬಾಗಿಲಿಗೇ ಕಸ ಸುರಿದು ದಂಡ ಹಾಕಿದ್ದು ಸುದ್ದಿಯಾಗಿತ್ತು. ಅಂಥ ಪ್ರದರ್ಶನ ಎಷ್ಟು ದಿನ ಫಲ ಕೊಡುತ್ತದೆಂಬ ಅನುಮಾನ ನನಗಿದೆ, ಆದರೆ ಮಾಲೀಕರನ್ನು ಮಾತ್ರ ದೂರಿ ಎಸೆಯುವವರನ್ನು ಬಿಟ್ಟುಬಿಡುವ ನಮ್ಮ ವಾಡಿಕೆಗೆ ಅದೊಂದು ಉತ್ತರವಂತೂ ಹೌದು.

ಮರ, ಗೋಡೆ, ಸದ್ದುಗಳ ಮಾತು ಸಂಕ್ಷೇಪವಾಗಿ: ಬೀಳುವಂತಿರುವ ಮರವನ್ನು ಕಡಿಯಲು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು, ಅದು ನಿಮ್ಮದೇ ಹಿತ್ತಲಿನ ಮರವಾದರೂ. ಶಿಥಿಲ ಗೋಡೆ, ಕಟ್ಟಡಗಳ ದೂರು ಇಂಜಿನಿಯರಿಂಗ್ ವಿಭಾಗಕ್ಕೆ. ಸದ್ದಿನ ವಿಚಾರದಲ್ಲಿ 2000ದ ಶಬ್ದ ಮಾಲಿನ್ಯ ನಿಯಮಗಳಂತೆ ವಾಸದ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬಲ್; ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ, ಹಬ್ಬಗಳಿಗೆಂದು ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಕಟ್ಟಡ ಕಾಮಗಾರಿಯ ಗದ್ದಲದ ಯಂತ್ರಗಳಿಗೂ ವಾಸದ ಪ್ರದೇಶದಲ್ಲಿ ರಾತ್ರಿ ನಿಷೇಧವಿದೆ. ಸದ್ದು ನಡೆಯುತ್ತಿರುವಾಗಲೇ 112ಕ್ಕೆ ಕರೆ ಮಾಡುವುದರಿಂದ ಪ್ರಯೋಜನ. ಮಾರನೆಯ ದಿನ ಕೊಟ್ಟ ದೂರಿಗೆ ಅಳೆಯಲು ಏನೂ ಉಳಿದಿರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಪುರಾವೆ ಕೂಡಿಸಿ

ಒಂದೇ ಕೋನದಿಂದ, ಒಂದೇ ಹೆಗ್ಗುರುತು ಕಾಣುವಂತೆ, ವಾರಕ್ಕೊಮ್ಮೆ ಫೋಟೊ ತೆಗೆಯಿರಿ. ದಿನಾಂಕ ಮತ್ತು ಸ್ಥಳ ಮೂಡುವ ಕ್ಯಾಮೆರಾ ಆ್ಯಪ್ ಬಳಸಿದರೆ ಒಳ್ಳೆಯದು. ಕಸ ಅಥವಾ ನೀರು ನಿವೇಶನದಿಂದ ಹೊರಗೆ ಚರಂಡಿಗೆ, ರಸ್ತೆಗೆ ಹರಿದಿರುವುದನ್ನು ಪ್ರತ್ಯೇಕವಾಗಿ ತೆಗೆಯಿರಿ. ಇದರ ಮಹತ್ವ ಮ್ಯಾಜಿಸ್ಟ್ರೇಟರ ಮಾತು ಬಂದಾಗ ತಿಳಿಯುತ್ತದೆ. ಬೀದಿಯಲ್ಲಿ ಡೆಂಗಿ ಬಂದವರಿದ್ದು ಅವರು ಒಪ್ಪಿದರೆ ಮಾತ್ರ ಪ್ರಯೋಗಾಲಯದ ವರದಿಯ ಪ್ರತಿ ಸೇರಿಸಿ. ಅರ್ಜಿಗೆ ಐದಾರು ಮನೆಯವರ ಸಹಿ, ಮನೆ ಸಂಖ್ಯೆ ಇದ್ದರೆ ತೊಂದರೆ ಸಾರ್ವಜನಿಕವೆಂಬುದು ಅಷ್ಟರಿಂದಲೇ ಸ್ಪಷ್ಟವಾಗುತ್ತದೆ. ನೂರು ಸಹಿಗಳ ಅಗತ್ಯವಿಲ್ಲ, ಮಹಜರಿನ, ಅಂದರೆ ಸಾಕ್ಷಿಗಳ ಎದುರು ಸ್ಥಳ ಪರಿಶೀಲಿಸಿ ಬರೆದುಕೊಳ್ಳುವ ದಿನ ಬಂದು ನಿಲ್ಲುವ ನಾಲ್ವರು ಬೇಕು.

ಐದನೆಯ ಹೆಜ್ಜೆ: ದೂರು ಬರೆದು ಸ್ವೀಕೃತಿ ಪಡೆಯಿರಿ

ಬೆಂಗಳೂರಿನಲ್ಲಿ 1533 ಸಹಾಯವಾಣಿಗೆ, ರಾಜ್ಯದಾದ್ಯಂತ ಜನಸ್ಪಂದನದ 1902ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ದೂರು ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಸಹಾಯವಾಣಿಯ ದೂರು ‘ಪರಿಹರಿಸಲಾಗಿದೆ’ ಎಂದು ಮುಚ್ಚಿಹೋಗುವುದು ಸುಲಭ; ಟಪಾಲು ವಿಭಾಗದಲ್ಲಿ ಸೀಲು ಬಿದ್ದ ಕಾಗದ ಹಾಗೆ ಮಾಯವಾಗುವುದಿಲ್ಲ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸೀಲು, ದಿನಾಂಕ, ಸಾಧ್ಯವಾದರೆ ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಖುದ್ದು ಹೋಗಲಾಗದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಜೋಪಾನವಾಗಿಡಿ.

ಅರ್ಜಿ ಒಂದು ಪುಟ ಮೀರಬಾರದು. ಮಾದರಿ ಹೀಗಿರಬಹುದು:

‘ವಿಷಯ: ಇಂಥ ವಾರ್ಡ್, ಇಂಥ ಅಡ್ಡರಸ್ತೆಯ ನಿವೇಶನ ಸಂಖ್ಯೆ ಇಂಥದ್ದರಲ್ಲಿ ಕಸ ಹಾಗೂ ನಿಂತ ನೀರಿನಿಂದ ಸಾರ್ವಜನಿಕ ಆರೋಗ್ಯಕ್ಕೆ ಆಗುತ್ತಿರುವ ತೊಂದರೆಯನ್ನು ನಿವಾರಿಸುವ ಬಗ್ಗೆ.

ಮಾನ್ಯರೇ, ಮೇಲ್ಕಂಡ ನಿವೇಶನದಲ್ಲಿ ಇಂಥ ತಿಂಗಳಿಂದ ಕಟ್ಟಡ ತ್ಯಾಜ್ಯ ಮತ್ತು ಮನೆಗಸ ಸಂಗ್ರಹವಾಗಿದ್ದು, ತಗ್ಗಿನಲ್ಲಿ ಮಳೆನೀರು ನಿಂತು ಸೊಳ್ಳೆಗಳು ಉತ್ಪತ್ತಿಯಾಗುತ್ತಿವೆ. ಕಸವು ರಸ್ತೆಬದಿಯ ಚರಂಡಿಗೆ ಬಿದ್ದು ನೀರಿನ ಹರಿವು ನಿಂತಿದೆ. ದಿನಾಂಕ ಸಹಿತ ಛಾಯಾಚಿತ್ರಗಳನ್ನು ಲಗತ್ತಿಸಿದೆ. ಆದ್ದರಿಂದ ಸ್ಥಳ ಪರಿಶೀಲನೆ ನಡೆಸಿ, ನಿವೇಶನದ ಮಾಲೀಕರಿಗೆ ನೋಟಿಸ್ ಜಾರಿ ಮಾಡಿ, ನಿಗದಿತ ಅವಧಿಯಲ್ಲಿ ಅವರು ತೆರವುಗೊಳಿಸದಿದ್ದಲ್ಲಿ ತಮ್ಮ ಸಂಸ್ಥೆಯಿಂದಲೇ ತೆರವುಗೊಳಿಸಿ ವೆಚ್ಚವನ್ನು ಅವರಿಂದ ವಸೂಲು ಮಾಡಬೇಕೆಂದೂ, ಕೈಗೊಂಡ ಕ್ರಮದ ಬಗ್ಗೆ ಲಿಖಿತ ಹಿಂಬರಹ ನೀಡಬೇಕೆಂದೂ ಕೋರುತ್ತೇವೆ.’

ಕೊನೆಯ ಸಾಲನ್ನು ಎಂದೂ ಬಿಡಬೇಡಿ. ‘ಕ್ರಮ ಕೈಗೊಳ್ಳಿ’ ಎಂದು ಬರೆದರೆ ಏನು ಮಾಡಿದರೂ ಕ್ರಮವೇ. ಹಿಂಬರಹ ಕೇಳಿದರೆ ಅಧಿಕಾರಿ ತಾನು ಮಾಡಿದ್ದನ್ನೋ ಮಾಡದಿರುವುದಕ್ಕೆ ಕಾರಣವನ್ನೋ ಬರಹದಲ್ಲಿ ಹೇಳಬೇಕಾಗುತ್ತದೆ, ಮುಂದಿನ ಮೆಟ್ಟಿಲಿಗೆ ನಿಮಗೆ ಬೇಕಾಗುವುದೂ ಅದೇ.

ಆರನೆಯ ಹೆಜ್ಜೆ: ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು

ಎರಡು ಮೂರು ವಾರ ಕಾದು ಒಂದು ನೆನಪೋಲೆ ಕೊಡಿ. ಅದಕ್ಕೂ ಉತ್ತರವಿಲ್ಲದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು ಮತ್ತು 150 ಪದಗಳನ್ನು ಮೀರಬಾರದು; ಇದನ್ನು ಮರೆತವರ ಅರ್ಜಿ ಕಾರಣ ಕೊಟ್ಟೇ ವಾಪಸ್ಸಾಗುತ್ತದೆ. ‘ಏಕೆ ಕ್ರಮ ಕೈಗೊಂಡಿಲ್ಲ’ ಎಂದು ಕೇಳಬಾರದು, ಏಕೆಂದರೆ ಕಾಯ್ದೆ ಕೊಡುವುದು ದಾಖಲೆಯನ್ನು, ವಿವರಣೆಯನ್ನಲ್ಲ. ಇಂಥ ದಿನಾಂಕದ ದೂರಿನ ಕಡತದ ಟಿಪ್ಪಣಿ ಹಾಳೆಗಳು, ಸ್ಥಳ ಪರಿಶೀಲನಾ ವರದಿ, ಮಾಲೀಕರಿಗೆ ಕೊಟ್ಟ ನೋಟಿಸ್, ಇವುಗಳ ದೃಢೀಕೃತ ಪ್ರತಿ ಎಂದಷ್ಟೇ ಕೇಳಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಎಷ್ಟೋ ಸಲ ಆ ದಾಖಲೆಗಳು ಕಡತದಲ್ಲಿ ಇರುವುದೇ ಇಲ್ಲ. ಅರ್ಜಿ ಬಂದ ಮೇಲೆ ಸ್ಥಳ ಪರಿಶೀಲನೆ ನಡೆದರೂ ನಿಮ್ಮ ಕೆಲಸ ಆದಂತೆಯೇ.

ಏಳನೆಯ ಹೆಜ್ಜೆ: ಉಪವಿಭಾಗಾಧಿಕಾರಿಯ ಮುಂದೆ

ಪಾಲಿಕೆಯೇ ಸೋಮಾರಿಯಾದಾಗ ಇರುವ ದೊಡ್ಡ ಉಪಾಯವೆಂದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 133ನೆಯದಾಗಿತ್ತು. 2024ರ ಜುಲೈ 1ರಿಂದ ಹೊಸ ಸಂಖ್ಯೆ. ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಸರ್ಕಾರ ವಿಶೇಷವಾಗಿ ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್ ಇದರಡಿ ಷರತ್ತಿನ ಆದೇಶ ಹೊರಡಿಸಬಹುದು: ಇಷ್ಟು ದಿನದೊಳಗೆ ತೆರವುಗೊಳಿಸಿ, ಇಲ್ಲವೇ ಬಂದು ಕಾರಣ ಹೇಳಿ. ನಮ್ಮ ಜಿಲ್ಲೆಗಳಲ್ಲಿ ಎ.ಸಿ. ಎಂದು ಕರೆಯುವ ಉಪವಿಭಾಗಾಧಿಕಾರಿಯೇ ಉಪವಿಭಾಗ ಮ್ಯಾಜಿಸ್ಟ್ರೇಟ್. ಪೊಲೀಸ್ ಕಮಿಷನರೇಟ್ ಇರುವ ನಗರಗಳಲ್ಲಿ ಮ್ಯಾಜಿಸ್ಟ್ರೇಟ್ ಅಧಿಕಾರದ ಕೆಲವು ಭಾಗ ಪೊಲೀಸ್ ಆಯುಕ್ತರ ಬಳಿ ಇರುವುದರಿಂದ, ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕೆಂದು ಮೊದಲು ವಿಚಾರಿಸಿಕೊಳ್ಳಿ.

ಈ ಕಲಮಿನ ವ್ಯಾಪ್ತಿಯನ್ನು ಅರಿತು ಬರೆಯಬೇಕು. ಸಾರ್ವಜನಿಕ ಸ್ಥಳ, ದಾರಿ ಅಥವಾ ಕಾಲುವೆಯ ಮೇಲಿನ ಅಡ್ಡಿ ಮತ್ತು ಉಪದ್ರವ, ಆರೋಗ್ಯಕ್ಕೆ ಹಾನಿಕರವಾದ ಕಸುಬು ಅಥವಾ ಸರಕು, ಬೀಳುವಂತಿರುವ ಕಟ್ಟಡ ಅಥವಾ ಮರ, ದಾರಿಯ ಪಕ್ಕದಲ್ಲಿ ಬೇಲಿಯಿಲ್ಲದ ಬಾವಿ, ಹೊಂಡ, ಅಪಾಯಕಾರಿ ಪ್ರಾಣಿ ಇವು ಅದರಲ್ಲಿವೆ. ಖಾಸಗಿ ನಿವೇಶನದೊಳಗೇ ಉಳಿದ ಕಸ ಇವುಗಳಲ್ಲಿ ಯಾವುದಕ್ಕೂ ನೇರವಾಗಿ ಹೊಂದುವುದಿಲ್ಲ. ಚರಂಡಿ ಕಟ್ಟಿದ್ದು, ರಸ್ತೆಗೆ ಹರಿದದ್ದು, ಪಾಯಕ್ಕೆಂದು ತೋಡಿ ಬಿಟ್ಟ ಹೊಂಡಕ್ಕೆ ಬೇಲಿಯಿಲ್ಲದ್ದು ಇವುಗಳನ್ನು ಮುಂದಿಟ್ಟರೆ ಅರ್ಜಿ ನಿಲ್ಲುತ್ತದೆ. ಫೋಟೊಗಳಲ್ಲಿ ಚರಂಡಿಯನ್ನು ಪ್ರತ್ಯೇಕವಾಗಿ ತೆಗೆಯಲು ಹೇಳಿದ್ದು ಇದಕ್ಕಾಗಿಯೇ.

ವಿಚಾರಣೆ ನಡೆಯುವವರೆಗೆ ಕಾಯಲಾಗದ ಅಪಾಯವಿದ್ದರೆ 161ನೇ ಕಲಮಿನಡಿ ತುರ್ತು ತಡೆಯಾಜ್ಞೆಯನ್ನೂ ಕೇಳಬಹುದು. ಕ್ರಮಬದ್ಧವಾಗಿ ಹೊರಟ 152ರ ಆದೇಶವನ್ನು ಸಿವಿಲ್ ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ. ಇನ್ನು, ಆದೇಶ ಖಾಸಗಿಯವರ ಮೇಲೆಯೇ ಆಗಬೇಕೆಂದೇನೂ ಇಲ್ಲ. ಮಧ್ಯಪ್ರದೇಶದ ರತ್ಲಾಮ್ ಪುರಸಭೆಯ ಮೊಕದ್ದಮೆಯಲ್ಲಿ, ತೆರೆದ ಚರಂಡಿ ಮತ್ತು ಹೊಲಸಿನ ವಿರುದ್ಧ ನಿವಾಸಿಗಳು ಮ್ಯಾಜಿಸ್ಟ್ರೇಟರ ಬಳಿ ಹೋಗಿ ಪಡೆದ ಆದೇಶವನ್ನು ಸುಪ್ರೀಂ ಕೋರ್ಟ್ 1980ರಲ್ಲಿ ಎತ್ತಿಹಿಡಿಯಿತು. ಹಣವಿಲ್ಲ ಎಂಬ ನೆಪ ಹೇಳಿ ಪುರಸಭೆ ತನ್ನ ಶಾಸನಬದ್ಧ ಕರ್ತವ್ಯದಿಂದ ತಪ್ಪಿಸಿಕೊಳ್ಳಲಾಗದು ಎಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಹೇಳಿತು. ‘ಅನುದಾನ ಬಂದ ಮೇಲೆ ನೋಡೋಣ’ ಎಂಬ ಹಿಂಬರಹ ಕೈಗೆ ಸಿಕ್ಕಾಗ ಈ ತೀರ್ಪನ್ನು ಹೆಸರಿಸಿ ಮರುಪತ್ರ ಬರೆಯಬಹುದು.

ಉಳಿದ ಬಾಗಿಲುಗಳು

ವಕೀಲರಿಗೆ ಹಣ ಸುರಿಯಲಾಗದವರಿಗೆ ಖಾಯಂ ಜನತಾ ನ್ಯಾಯಾಲಯ (ಪರ್ಮನೆಂಟ್ ಲೋಕ ಅದಾಲತ್) ಒಳ್ಳೆಯ ಆಯ್ಕೆ, ಮತ್ತು ಜನ ತೀರ ಕಡಿಮೆ ಬಳಸುವ ಆಯ್ಕೆ. ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ 1987 ಸಾರ್ವಜನಿಕ ನೈರ್ಮಲ್ಯ ವ್ಯವಸ್ಥೆಯನ್ನು ಸಾರ್ವಜನಿಕ ಉಪಯುಕ್ತ ಸೇವೆಗಳ ಪಟ್ಟಿಯಲ್ಲಿ ಸೇರಿಸಿದೆ. ಹಾಗಾಗಿ ಕಸ, ಚರಂಡಿಯ ವಿಚಾರದಲ್ಲಿ ಸ್ಥಳೀಯ ಸಂಸ್ಥೆಯ ವಿರುದ್ಧ ಅಲ್ಲಿಗೆ ಹೋಗಬಹುದು. ಶುಲ್ಕವಿಲ್ಲ, ರಾಜಿ ಕೂಡದಿದ್ದರೆ ಪೀಠವೇ ತೀರ್ಮಾನಿಸಬಹುದು. ಬೇರೆ ನ್ಯಾಯಾಲಯಕ್ಕೆ ಹೋಗುವ ಮೊದಲೇ ಇಲ್ಲಿಗೆ ಬರಬೇಕೆಂಬುದೊಂದೇ ಷರತ್ತನ್ನು ಮರೆಯದಿರಿ. ಅಧಿಕಾರಿ ಬೇಕೆಂದೇ ಕಡತ ಅದುಮಿ ಕುಳಿತಿದ್ದರೆ ಲೋಕಾಯುಕ್ತಕ್ಕೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಪ್ರಮಾಣಪತ್ರ (ಅಫಿಡವಿಟ್) ಸಲ್ಲಿಸಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 91ನೇ ಕಲಮಿನಂತೆ ನ್ಯಾಯಾಲಯದ ಅನುಮತಿ ಪಡೆದು ಇಬ್ಬರು ಅಥವಾ ಹೆಚ್ಚು ಮಂದಿ ಸೇರಿ, ತಮಗೇ ವಿಶೇಷ ನಷ್ಟವಾಗದಿದ್ದರೂ, ಸಾರ್ವಜನಿಕ ಉಪದ್ರವದ ವಿರುದ್ಧ ದಾವೆ ಹೂಡಬಹುದು. ಇದು ನಿಧಾನದ ದಾರಿ. ಪೊಲೀಸ್ ಠಾಣೆಯಿಂದ ಹೆಚ್ಚು ನಿರೀಕ್ಷಿಸಬೇಡಿ: ನ್ಯಾಯ ಸಂಹಿತೆಯ 292ನೇ ಕಲಮಿನಲ್ಲಿ ಸಾರ್ವಜನಿಕ ಉಪದ್ರವಕ್ಕೆ ಇರುವ ಶಿಕ್ಷೆ ಗರಿಷ್ಠ 1,000 ರೂಪಾಯಿ ದಂಡ ಮಾತ್ರ.

ನೀವೇ ಮಾಡಬಾರದ ಕೆಲಸಗಳು

ಬೇಸತ್ತವರು ಜೆಸಿಬಿ ತರಿಸಿ ಪಕ್ಕದ ನಿವೇಶನವನ್ನು ತಾವೇ ಬೋಳಿಸುವುದುಂಟು. ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಒಳಗೆ ಹೋದರೆ ಅದು ಅತಿಕ್ರಮ ಪ್ರವೇಶ; ಗಡಿಕಲ್ಲು ಕಿತ್ತುಬಂದರೆ ಒತ್ತುವರಿಯ ಆರೋಪ ನಿಮ್ಮ ಮೇಲೆಯೇ ಬರುತ್ತದೆ. ಒಣಗಿದ ಹುಲ್ಲಿಗೆ ಬೆಂಕಿ ಹಚ್ಚುವುದು ಕಸ ಸುಡುವ ಅಪರಾಧ. ಹಾವು ಕಂಡರೆ ಕೊಲ್ಲಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಪೊದೆ ಕಡಿಸುವ ದಿನ ಅದು ನಿಮ್ಮ ಅಂಗಳಕ್ಕೇ ಬರುವ ಸಂಭವ ಹೆಚ್ಚೆಂಬುದರಿಂದ ಅಂದು ಮಕ್ಕಳನ್ನು ಒಳಗಿರಿಸಿ.

ಆ ನಿವೇಶನ ನಿಮ್ಮದೇ ಆಗಿದ್ದರೆ

ಊರಿನಲ್ಲಿ ಸೈಟು ಮಾಡಿಟ್ಟು ದುಬೈಯಲ್ಲೋ ನ್ಯೂಜೆರ್ಸಿಯಲ್ಲೋ ದುಡಿಯುತ್ತಿರುವ ಕನ್ನಡಿಗರು ಇದನ್ನು ಓದುತ್ತಿದ್ದರೆ, ಮೇಲಿನದ್ದೆಲ್ಲ ನಿಮ್ಮ ವಿರುದ್ಧವೇ ನಡೆಯಬಹುದು. ನೋಟಿಸ್ ಹೋಗುವುದು ಖಾತೆಯಲ್ಲಿರುವ ವಿಳಾಸಕ್ಕೆ. ಆ ವಿಳಾಸ ಹತ್ತು ವರ್ಷದ ಹಿಂದಿನ ಬಾಡಿಗೆ ಮನೆಯದ್ದಾಗಿದ್ದರೆ ನಿಮಗೆ ತಿಳಿಯುವ ಮೊದಲೇ ವೆಚ್ಚ ನಿಮ್ಮ ಆಸ್ತಿಯ ಮೇಲೆ ಬಿದ್ದಿರುತ್ತದೆ. ಇ-ಖಾತೆ ಮಾಡಿಸುವಾಗ ವಿಳಾಸ, ದೂರವಾಣಿ ಸಂಖ್ಯೆ ಎರಡನ್ನೂ ತಿದ್ದಿಸಿ. ಮೇ ತಿಂಗಳ ಕೊನೆಗೆ, ಮುಂಗಾರಿಗೆ ಮುನ್ನ ಒಮ್ಮೆ, ದಸರೆಯ ಹೊತ್ತಿಗೆ ಇನ್ನೊಮ್ಮೆ ಗಿಡ ತೆಗೆಸಿ. ತಗ್ಗಿಗೆ ಮಣ್ಣು ತುಂಬಿಸುವಾಗ ಪಕ್ಕದವರ ಪಾಯದತ್ತ ನೀರು ನುಗ್ಗದಂತೆ ರಸ್ತೆಯ ಕಡೆಗೆ ಇಳಿಜಾರು ಕೊಡಿಸಿ. ಕಾಂಪೌಂಡ್ ಕಟ್ಟಲು ಹಣವಿಲ್ಲದಿದ್ದರೆ ಕಲ್ಲುಕಂಬ, ಮುಳ್ಳುತಂತಿ, ಬೀಗ ಹಾಕುವ ಒಂದು ಗೇಟು ಸಾಕು. ಟ್ರ್ಯಾಕ್ಟರ್ ಒಳಗೆ ಬರಲಾಗದ ಜಾಗಕ್ಕೆ ಕಟ್ಟಡದ ಕಸ ಬರುವುದಿಲ್ಲ. ಮಾಲೀಕರ ಫೋನ್ ಸಂಖ್ಯೆಯ ಫಲಕ ಹಾಕಲು ಸಂಕೋಚವಿದ್ದರೆ ಅಕ್ಕಪಕ್ಕದ ಎರಡು ಮನೆಯವರಿಗಾದರೂ ಅದನ್ನು ಕೊಟ್ಟಿರಿ. ಅವರು ಮೊದಲು ನಿಮಗೇ ಫೋನ್ ಮಾಡುತ್ತಾರೆ, ಪಾಲಿಕೆಗಲ್ಲ.